ಮನೆಯಲ್ಲಿ ಮಾಡಿದ ಗಿಟಾರ್ ಪೆಡಲ್‌ಗೆ ಯಾವ ಡಬ್ಬಿ? ತಗಡು, ಸ್ಟೀಲ್, ಪ್ಲಾಸ್ಟಿಕ್: ನಿಜ ಯಾವುದು, ಸುಳ್ಳು ಯಾವುದು

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲ ಬಳಿ ಸಣ್ಣ ಸಣ್ಣ ಲೋಹದ ಪೆಟ್ಟಿಗೆಗಳು ಸಾಲಾಗಿ ಇರುವುದನ್ನು ನೀವು ವಿಡಿಯೊಗಳಲ್ಲಿ ನೋಡಿರುತ್ತೀರಿ. ಅವುಗಳಿಗೆ ಎಫೆಕ್ಟ್ಸ್ ಪೆಡಲ್ ಎನ್ನುತ್ತಾರೆ. ಪಾದದಿಂದ ಒತ್ತಿದರೆ ಗಿಟಾರಿನ ದನಿ ಒರಟಾಗುತ್ತದೆ, ಪ್ರತಿಧ್ವನಿಸುತ್ತದೆ ಅಥವಾ ಅಲೆಯಂತೆ ಏರಿಳಿಯುತ್ತದೆ. ಸರಳ ಪೆಡಲಿನ ಒಳಗಿರುವುದು ಒಂದೆರಡು ಟ್ರಾನ್ಸಿಸ್ಟರ್, ಕೆಲವು ರೆಸಿಸ್ಟರ್, ಕೆಪಾಸಿಟರ್ ಮಾತ್ರ. ಆ ಬಿಡಿಭಾಗಗಳಿಗಿಂತ ಅವನ್ನು ಇಡುವ ಅಲ್ಯೂಮಿನಿಯಂ ಪೆಟ್ಟಿಗೆಯೇ ದುಬಾರಿ ಆಗುವುದುಂಟು. ಹಾಗಾಗಿ ಪೆಡಲ್ ಮಾಡಿಕೊಳ್ಳುವ ಹುಡುಗರು ಅಡುಗೆಮನೆ ಮತ್ತು ಗುಜರಿ ಅಂಗಡಿಯತ್ತ ಕಣ್ಣು ಹಾಯಿಸುತ್ತಾರೆ.

ಅಲ್ಲಿಂದ ಸಲಹೆಗಳ ಸುರಿಮಳೆ ಶುರುವಾಗುತ್ತದೆ. "ಪ್ಲಾಸ್ಟಿಕ್ ಡಬ್ಬಿ ಹಾಕು, ಶಾಕ್ ಹೊಡೆಯಲ್ಲ" ಎಂದು ಒಬ್ಬರು. "ಸ್ಟೀಲ್ ಡಬ್ಬಿಯೊಳಗೆ ಫೋನ್ ಇಟ್ಟು ನೋಡು, ರಿಂಗ್ ಆದರೆ ಆ ಡಬ್ಬಿ ವೇಸ್ಟ್" ಎಂದು ಇನ್ನೊಬ್ಬರು. "ಗುಂಯ್ ಸದ್ದು ಬಂದರೆ ಪ್ಲಗ್ಗಿನ ದೊಡ್ಡ ಪಿನ್ ತೆಗೆದುಬಿಡು" ಎಂದು ಮತ್ತೊಬ್ಬರು. ಇವುಗಳಲ್ಲಿ ಮೊದಲೆರಡು ತಪ್ಪು. ಮೂರನೆಯದು ಪ್ರಾಣಕ್ಕೇ ಅಪಾಯ.

ಒಂದೇ ನೋಟದಲ್ಲಿ

• ಮನೆಯ ಡಬ್ಬಿಗಳಲ್ಲಿ ಹಲವು ಪೆಡಲ್‌ಗೆ ನಿಜಕ್ಕೂ ಸಾಕು. ಡಬ್ಬಿ ಲೋಹದ್ದಾಗಿರಬೇಕು ಅಥವಾ ಒಳಗೆ ಲೋಹದ ಹಾಳೆ ಅಂಟಿಸಿರಬೇಕು.
• ಲೋಹ ಇದ್ದರಷ್ಟೇ ಸಾಲದು. ಅದು ಸರ್ಕ್ಯೂಟಿನ ಗ್ರೌಂಡ್‌ಗೆ ಸೇರಿರಬೇಕು.
• ಒಳಗೆ 9 ವೋಲ್ಟ್ ಬ್ಯಾಟರಿ ಅಥವಾ ಅಡಾಪ್ಟರ್ ಮಾತ್ರ. 230 ವೋಲ್ಟಿನ ವೈರು ಡಬ್ಬಿಯೊಳಗೆ ಬರಲೇಬಾರದು.
• ಕೀಟನಾಶಕದ ಡಬ್ಬಿ, ಸ್ಪ್ರೇ ಕ್ಯಾನ್ ಮುಟ್ಟಬೇಡಿ.
• ಒಮ್ಮೆ ಸೋಲ್ಡರ್ ಮಾಡಿದ ಡಬ್ಬಿ ಮತ್ತೆ ಅಡುಗೆಮನೆಗೆ ಹೋಗಬಾರದು.

ಡಬ್ಬಿಯ ಕೆಲಸ ಏನು?

ಪೆಡಲಿನ ಡಬ್ಬಿಗೆ ಎರಡು ಕೆಲಸಗಳಿವೆ. ಮೊದಲನೆಯದು ಎಲ್ಲರಿಗೂ ಕಾಣುವಂಥದ್ದು: ಪಾದದ ಒತ್ತಡ, ಧೂಳು, ಕೇಬಲ್ಲಿನ ಎಳೆತದಿಂದ ಒಳಗಿನ ಬೋರ್ಡನ್ನು ಕಾಪಾಡುವುದು. ಎರಡನೆಯದು ಕಣ್ಣಿಗೆ ಕಾಣದ್ದು: ಸುತ್ತಲಿನ ವಿದ್ಯುತ್ ಗದ್ದಲ ಒಳಗೆ ಬರದಂತೆ ತಡೆಯುವುದು.

ಗಿಟಾರಿನ ತಂತಿಯ ಕೆಳಗಿರುವ ಪಿಕಪ್ ಎಂಬ ಸುರುಳಿಯಿಂದ ಹೊರಡುವ ಸಿಗ್ನಲ್ ಬಹಳ ಚಿಕ್ಕದು. ಸಾಮಾನ್ಯವಾಗಿ ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು, ಜೋರಾಗಿ ಮೀಟಿದರೆ ಇನ್ನಷ್ಟು. ದನಿ ಒರಟು ಮಾಡುವ ಫಜ್ ಅಥವಾ ಡಿಸ್ಟಾರ್ಷನ್ ಪೆಡಲ್ ಈ ಸಿಗ್ನಲನ್ನು ನೂರಾರು ಪಟ್ಟು ಹಿಗ್ಗಿಸುತ್ತದೆ. ಸಿಗ್ನಲ್ ಜೊತೆ ಗೋಡೆಯ ವೈರಿಂಗಿನಿಂದ ನುಸುಳಿದ ಗದ್ದಲವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ನಮ್ಮ ಮನೆಗೆ ಬರುವ ವಿದ್ಯುತ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದೇ ಸ್ಪೀಕರಿನಲ್ಲಿ "ಗುಂಯ್" ಎಂದು ಕೇಳಿಸುತ್ತದೆ.

ಇದನ್ನು ತಡೆಯುವ ಉಪಾಯ ಹಳೆಯದು. ಬ್ರಿಟಿಷ್ ವಿಜ್ಞಾನಿ ಮೈಕೆಲ್ ಫ್ಯಾರಡೆ 1836ರಲ್ಲಿ ಒಂದು ಕೋಣೆಗೆ ಪೂರ್ತಿ ಲೋಹದ ಹಾಳೆ ಹೊದಿಸಿ, ಹೊರಗಿನಿಂದ ಭಾರೀ ವಿದ್ಯುತ್ ಕಿಡಿಗಳನ್ನು ಹಾಯಿಸಿ, ಒಳಗೆ ಉಪಕರಣ ಹಿಡಿದು ಪರೀಕ್ಷಿಸಿದರು. ಒಳಗೆ ವಿದ್ಯುತ್ತಿನ ಸುಳಿವೇ ಇರಲಿಲ್ಲ. ಹೊರಗಿನ ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ಲೋಹದ ಮೈಯಲ್ಲಿರುವ ಎಲೆಕ್ಟ್ರಾನ್‌ಗಳು ಸರಿದಾಡಿ, ಒಳಭಾಗದಲ್ಲಿ ಅದರ ಪರಿಣಾಮವನ್ನು ರದ್ದು ಮಾಡುತ್ತವೆ. ಇದನ್ನೇ ಫ್ಯಾರಡೆ ಪಂಜರ ಎನ್ನುತ್ತಾರೆ. ಪೆಡಲಿನ ಲೋಹದ ಡಬ್ಬಿ ಅಂಥದೇ ಒಂದು ಪುಟ್ಟ ಪಂಜರ.

ಮೊದಲು ಅಳತೆ, ಆಮೇಲೆ ಡಬ್ಬಿ

ಪೆಡಲ್ ಮಾಡುವವರು ಹೆಚ್ಚಾಗಿ ಬಳಸುವ ಅಚ್ಚಿನ ಅಲ್ಯೂಮಿನಿಯಂ ಪೆಟ್ಟಿಗೆಯ ಅಳತೆ ಸುಮಾರು 112 ಮಿ.ಮೀ. ಉದ್ದ, 60 ಮಿ.ಮೀ. ಅಗಲ, 31 ಮಿ.ಮೀ. ಎತ್ತರ. ಮನೆಯ ಡಬ್ಬಿ ಹುಡುಕುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಉದ್ದ ಅಗಲಕ್ಕಿಂತ ಎತ್ತರವೇ ಹೆಚ್ಚು ತೊಂದರೆ ಕೊಡುವುದು.

ಪಾದದ ಸ್ವಿಚ್ಚಿನ ಒಳಭಾಗ, ಅದರ ಕಾಲುಗಳಿಗೆ ಬೆಸೆದ ವೈರು ಎಲ್ಲ ಸೇರಿ 25 ರಿಂದ 30 ಮಿ.ಮೀ. ಆಳ ಬೇಕು. 9 ವೋಲ್ಟಿನ ಚೌಕ ಬ್ಯಾಟರಿ ಸುಮಾರು 48 ಮಿ.ಮೀ. ಉದ್ದ, 26 ಮಿ.ಮೀ. ಅಗಲ, 17 ಮಿ.ಮೀ. ದಪ್ಪ ಇರುತ್ತದೆ. ಗಿಟಾರ್ ಕೇಬಲ್ ಸಿಕ್ಕಿಸುವ ಎರಡು ಜ್ಯಾಕ್‌ಗಳು ಎದುರುಬದುರಾಗಿ ಕೂತರೆ, ಕೇಬಲ್ ಹಾಕಿದಾಗ ಅವುಗಳ ತುದಿಗಳು ಒಳಗೆ ಒಂದಕ್ಕೊಂದು ತಾಗಬಾರದು.

ಸರಳ ಪರೀಕ್ಷೆ ಇದು: ಡಬ್ಬಿಯ ಒಳತಳವನ್ನು ಕಾಗದದ ಮೇಲೆ ಬರೆದುಕೊಂಡು, ಎಲ್ಲ ಭಾಗಗಳನ್ನೂ ಅದರ ಮೇಲೆ ಜೋಡಿಸಿ ನೋಡಿ. ಕಾಗದದ ಮೇಲೆ ಹಿಡಿಸದ್ದು ಡಬ್ಬಿಯಲ್ಲೂ ಹಿಡಿಸದು.

ಯಾವ ಡಬ್ಬಿ ಹೇಗೆ?

ಶಾಲೆಯ ಕಂಪಾಸ್ ಬಾಕ್ಸ್: ಪ್ರತಿ ಮನೆಯಲ್ಲೂ ಹಳೆಯದೊಂದು ಇರುತ್ತದೆ. ತೆಳು ತಗಡು, ತೂತು ಸುಲಭ, ಸೋಲ್ಡರ್ ಕೂಡ ಹಿಡಿಯುತ್ತದೆ. ಆದರೆ ಎತ್ತರ ಕಡಿಮೆ. ಪಾದದ ಸ್ವಿಚ್ ಹಿಡಿಸದಿದ್ದರೆ ಕೈಯಿಂದ ಒತ್ತುವ ಸಣ್ಣ ಟಾಗಲ್ ಸ್ವಿಚ್ ಹಾಕಿ, ಪೆಡಲನ್ನು ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ಇದರ ಮೇಲೆ ಕಾಲಿಟ್ಟರೆ ಮುಚ್ಚಳ ತಗ್ಗುತ್ತದೆ.

ಬಿಸ್ಕತ್ತು, ಚಾಕೊಲೇಟ್, ಸಿಹಿತಿಂಡಿಯ ತಗಡಿನ ಡಬ್ಬಿ: ಹಬ್ಬದಲ್ಲಿ ಉಡುಗೊರೆಯಾಗಿ ಬಂದ ಡಬ್ಬಿಗಳು ಅಗಲ, ಎತ್ತರ ಎರಡರಲ್ಲೂ ಧಾರಾಳ. ಎರಡು ಮೂರು ಸರ್ಕ್ಯೂಟುಗಳನ್ನು ಒಟ್ಟಿಗೆ ಇಡಬಹುದು. ಮುಚ್ಚಳದ ಒಳಗೆ ತೆಳುವಾದ ಹಲಗೆ ತುಂಡನ್ನು ಬಿಗಿದು, ಸ್ವಿಚ್ಚನ್ನು ತಗಡು ಮತ್ತು ಹಲಗೆ ಎರಡಕ್ಕೂ ಸೇರಿಸಿ ಕೂರಿಸಿದರೆ ಕಾಲಿನ ಒತ್ತಡ ತಾಳುತ್ತದೆ. ಚಿತ್ರ ಮುದ್ರಿಸಿದ ಬಣ್ಣ ವಿದ್ಯುತ್ ಹರಿಯಲು ಬಿಡುವುದಿಲ್ಲ. ಸಂಪರ್ಕ ಬೇಕಾದಲ್ಲಿ ಬಣ್ಣವನ್ನು ಉಜ್ಜಿ ತೆಗೆಯಬೇಕು.

ಸ್ಟೀಲ್ ಡಬ್ಬಿ, ಬುತ್ತಿ ಡಬ್ಬಿ: ಗಟ್ಟಿ, ತುಕ್ಕು ಹಿಡಿಯದು, ಪಾತ್ರೆ ಅಂಗಡಿಯಲ್ಲಿ ಎಲ್ಲ ಅಳತೆಯಲ್ಲೂ ಸಿಗುತ್ತದೆ. ದುಂಡಗಿದ್ದರೂ ಚಿಂತೆಯಿಲ್ಲ, ತಳ ಮೇಲಾಗಿ ಮಗುಚಿ ಇಟ್ಟರೆ ಆಯಿತು. 1966ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಫಜ್ ಫೇಸ್ ಎಂಬ ಹೆಸರಾಂತ ಪೆಡಲಿನ ಪೆಟ್ಟಿಗೆಯೇ ದುಂಡಗಿತ್ತು. ತೊಂದರೆ ಇರುವುದು ತೂತು ಕೊರೆಯುವುದರಲ್ಲಿ. ಸ್ಟೇನ್‌ಲೆಸ್ ಸ್ಟೀಲ್ ಉಜ್ಜಿದಷ್ಟೂ ಗಡಸಾಗುತ್ತದೆ. ಇದಕ್ಕೆ ಸಾಮಾನ್ಯ ಸೋಲ್ಡರ್ ಕೂಡ ಅಂಟುವುದಿಲ್ಲ.

ಸ್ವಿಚ್ ಬೋರ್ಡಿನ ಲೋಹದ ಬಾಕ್ಸ್: ಇದು ಹೆಚ್ಚು ಜನರಿಗೆ ಹೊಳೆಯದ ಆಯ್ಕೆ. ಗೋಡೆಯೊಳಗೆ ಹೂಳುವ ಮಾಡ್ಯುಲರ್ ಸ್ವಿಚ್ಚುಗಳಿಗೆ ಸತು ಲೇಪಿಸಿದ ಕಬ್ಬಿಣದ ಪೆಟ್ಟಿಗೆ ಬಳಸುತ್ತಾರೆ. ನಾಲವಾರದಂಥ ಊರಿನವರಿಗೂ ವಾಡಿ, ಚಿತ್ತಾಪುರ, ಶಹಾಬಾದಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ "ಮೆಟಲ್ ಬಾಕ್ಸ್" ಎಂದು ಕೇಳಿದರೆ ಸಿಗುವಂಥದ್ದು. ಆಳ ಸಾಕಷ್ಟಿರುತ್ತದೆ, ತಗಡು ಕಾಲಿನ ಒತ್ತಡ ತಾಳುವಷ್ಟು ದಪ್ಪ, ಪಕ್ಕದಲ್ಲಿ ತಟ್ಟಿದರೆ ಬಿಚ್ಚಿಕೊಳ್ಳುವ ತೂತಿನ ಗುರುತುಗಳೂ ಇರುತ್ತವೆ. ಮಗುಚಿ ಇಟ್ಟು, ತಳವನ್ನೇ ಮೇಲ್ಭಾಗ ಮಾಡಿಕೊಳ್ಳಿ. ತೆರೆದ ಬಾಯಿಗೆ ಅಲ್ಯೂಮಿನಿಯಂ ತಗಡು ಕತ್ತರಿಸಿ ಸ್ಕ್ರೂ ಹಾಕಿ. ಕಡಿಮೆ ಖರ್ಚಿನಲ್ಲಿ ಗಟ್ಟಿ ಪೆಡಲ್ ಬೇಕೆನ್ನುವವರಿಗೆ ಇದೇ ಒಳ್ಳೆಯ ದಾರಿ. ಅಂಗಡಿಯಿಂದ ಹೊಸದನ್ನೇ ತನ್ನಿ. ಗೋಡೆಯಲ್ಲಿ ವೈರು ಇರುವ ಬಾಕ್ಸ್ ಕೀಳಲು ಹೋಗಬೇಡಿ.

ಪ್ಲಾಸ್ಟಿಕ್ ಡಬ್ಬಿ, ಪಿವಿಸಿ ಜಂಕ್ಷನ್ ಬಾಕ್ಸ್: ಕೊರೆಯುವುದು ಅತಿ ಸುಲಭ. ಆದರೆ ಗದ್ದಲ ತಡೆಯುವ ಶಕ್ತಿ ಇಲ್ಲ. ಒಳಗೆ ಲೋಹದ ಹಾಳೆ ಅಂಟಿಸಬೇಕು. ಸೋಪಿನ ಡಬ್ಬಿ ಬಲು ತೆಳು, ಕಾಲಿಟ್ಟರೆ ಸೀಳುತ್ತದೆ.

ಚಿಪ್ಸ್ ಪ್ಯಾಕೆಟ್, ಜ್ಯೂಸ್ ಪೊಟ್ಟಣ: ಒಳಗೆ ಬೆಳ್ಳಿಯಂತೆ ಹೊಳೆಯುವ ಪದರ ಇದೆ ನಿಜ. ಆದರೆ ಆ ಲೋಹ ಪ್ಲಾಸ್ಟಿಕ್ ಪದರಗಳ ನಡುವೆ ಅಡಗಿರುತ್ತದೆ. ಅದಕ್ಕೆ ಗ್ರೌಂಡ್ ವೈರು ಸೇರಿಸುವುದು ಕಷ್ಟ. ಬಿಟ್ಟುಬಿಡಿ.

ಪ್ಲಾಸ್ಟಿಕ್ ಡಬ್ಬಿಯನ್ನು ಪಂಜರ ಮಾಡುವುದು ಹೇಗೆ?

ರೊಟ್ಟಿ, ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಸಾಕು. ಅದು ಕೂದಲಿಗಿಂತ ತೆಳ್ಳಗಿದ್ದರೂ ವೈರಿಂಗಿನ ವಿದ್ಯುತ್ ಕ್ಷೇತ್ರವನ್ನು ಚೆನ್ನಾಗಿಯೇ ತಡೆಯುತ್ತದೆ. ಕ್ರಮ ಹೀಗಿದೆ:

1. ಡಬ್ಬಿಯ ಒಳಭಾಗ ಮತ್ತು ಮುಚ್ಚಳದ ಒಳಭಾಗ ಎರಡಕ್ಕೂ ಫೆವಿಕಾಲ್ ತೆಳುವಾಗಿ ಸವರಿ ಫಾಯಿಲ್ ಅಂಟಿಸಿ.
2. ಮುಚ್ಚಿದಾಗ ಮುಚ್ಚಳದ ಫಾಯಿಲ್ ಡಬ್ಬಿಯ ಫಾಯಿಲಿಗೆ ತಾಗುವಂತೆ ಅಂಚಿನಲ್ಲಿ ಸ್ವಲ್ಪ ಹೊರಗೆ ಮಡಚಿ. ತಾಗದಿದ್ದರೆ ಮುಚ್ಚಳಕ್ಕೆ ಬೇರೆ ವೈರು ಬೇಕು.
3. ಅಲ್ಯೂಮಿನಿಯಂಗೆ ಸಾಮಾನ್ಯ ಸೋಲ್ಡರ್ ಹಿಡಿಯದು. ವೈರಿನ ತುದಿಗೆ ಉಂಗುರದಂಥ ಲಗ್ ಹಾಕಿ, ಸಣ್ಣ ನಟ್ಟು ಬೋಲ್ಟಿನಿಂದ ಫಾಯಿಲಿಗೆ ಬಿಗಿಯಿರಿ.
4. ಸರ್ಕ್ಯೂಟ್ ಬೋರ್ಡಿನ ಕೆಳಗೆ ದಪ್ಪ ರಟ್ಟು ಅಥವಾ ವೈರಿಂಗ್ ಟೇಪ್ ಹಾಕಿ. ಇಲ್ಲದಿದ್ದರೆ ಫಾಯಿಲ್ ತಾಗಿ ಶಾರ್ಟ್ ಆಗುತ್ತದೆ.

ಈ ಡಬ್ಬಿಗಳನ್ನು ಮುಟ್ಟಬೇಡಿ

ಕೀಟನಾಶಕದ ಡಬ್ಬಿ: ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ತೊಗರಿ ಬೆಳೆಯುವ ಮನೆಗಳಲ್ಲಿ ಔಷಧಿ ಹೊಡೆದ ಮೇಲೆ ಗಟ್ಟಿಮುಟ್ಟಾದ ಲೋಹದ ಡಬ್ಬಿಗಳು ಉಳಿಯುತ್ತವೆ. ನೋಡಲು ಪೆಡಲ್‌ಗೆ ಹೇಳಿ ಮಾಡಿಸಿದಂತಿರುತ್ತವೆ. ಆದರೆ ತೊಳೆದರೂ ವಿಷದ ಅಂಶ ಮಡಿಕೆಗಳಲ್ಲಿ, ಮುಚ್ಚಳದ ಸುರುಳಿಯಲ್ಲಿ ಉಳಿಯುತ್ತದೆ. ಹಲವು ಕೀಟನಾಶಕಗಳು ಚರ್ಮದ ಮೂಲಕವೂ ಮೈಗೆ ಇಳಿಯುತ್ತವೆ. ಕೊರೆಯುವಾಗ ಬಿಸಿಯಾದ ಲೋಹದಿಂದ ಆವಿ, ಪುಡಿ ಏಳುತ್ತದೆ. ಖಾಲಿ ಡಬ್ಬಿಗಳು ಮರುಬಳಕೆ ಆಗದಂತೆ ವಿಲೇವಾರಿ ಮಾಡಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. "ಮೂರು ಸಲ ಸೋಪು ಹಾಕಿ ತೊಳೆದರೆ ಸಾಕು" ಎಂಬ ಮಾತನ್ನು ನಂಬಬೇಡಿ.

ಸ್ಪ್ರೇ ಕ್ಯಾನ್: ಸೆಂಟು, ಸೊಳ್ಳೆ ಸ್ಪ್ರೇ, ಬಣ್ಣದ ಕ್ಯಾನ್ ಖಾಲಿಯಾದಂತೆ ಕಂಡರೂ ಒಳಗೆ ಒತ್ತಡದ ಅನಿಲ ಉಳಿದಿರುತ್ತದೆ. ಹೆಚ್ಚಿನವು ಬೆಂಕಿ ಹಿಡಿಯುವಂಥವು. ಡ್ರಿಲ್ಲಿನ ಒಂದು ಕಿಡಿ ಸಾಕು.

ಕಂಪ್ಯೂಟರಿನ ಪವರ್ ಸಪ್ಲೈ ಪೆಟ್ಟಿಗೆ: ಗುಜರಿಯಲ್ಲಿ ಸಿಗುವ ಒಳ್ಳೆಯ ಲೋಹದ ಪೆಟ್ಟಿಗೆ. ಆದರೆ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗಿಂತ ಹೆಚ್ಚಿನ ಚಾರ್ಜ್ ಹಿಡಿದಿಟ್ಟಿರಬಹುದು. ಕೆಲಸ ಬಲ್ಲ ಮೆಕ್ಯಾನಿಕ್ ಬಿಚ್ಚಿ ಖಾಲಿ ಮಾಡಿಕೊಟ್ಟ ಪೆಟ್ಟಿಗೆಯಾದರೆ ಮಾತ್ರ ತೆಗೆದುಕೊಳ್ಳಿ.

ತೂತು ಕೊರೆಯುವಾಗ

ಬೇಕಾಗುವ ತೂತುಗಳ ಅಳತೆ ಹೆಚ್ಚುಕಡಿಮೆ ಹೀಗಿರುತ್ತದೆ: ಗಿಟಾರ್ ಜ್ಯಾಕ್‌ಗೆ 9.5 ಮಿ.ಮೀ., ನಾಬ್ ಕೂರಿಸುವ ಪಾಟ್‌ಗೆ 7 ಮಿ.ಮೀ., ಪಾದದ ಸ್ವಿಚ್ಚಿಗೆ 12 ಮಿ.ಮೀ., ಎಲ್‌ಇಡಿ ದೀಪಕ್ಕೆ 5 ಮಿ.ಮೀ. ನಿಮ್ಮ ಕೈಯಲ್ಲಿರುವ ಭಾಗಗಳನ್ನು ಅಳೆದೇ ಕೊರೆಯಿರಿ.

ತೆಳು ತಗಡನ್ನು ನೇರವಾಗಿ ಕೊರೆದರೆ ತೂತು ದುಂಡಗಾಗದೆ ಹರಿಯುತ್ತದೆ. ಒಳಗೆ ಮರದ ತುಂಡು ತುಂಬಿ, ಮೇಲೆ ಕಾಗದದ ಟೇಪ್ ಅಂಟಿಸಿ, ಗುರುತಿನ ಮೇಲೆ ಮೊಳೆಯಿಂದ ಸಣ್ಣ ಕುಳಿ ಹೊಡೆದು, ಮೊದಲು 3 ಮಿ.ಮೀ. ತೂತು ಮಾಡಿ. ಆಮೇಲೆ ಹಂತ ಹಂತವಾಗಿ ದೊಡ್ಡದು ಮಾಡಿ. ಮೆಟ್ಟಿಲಿನಾಕಾರದ ಡ್ರಿಲ್ ಬಿಟ್ ಇದ್ದರೆ ಎಲ್ಲ ಅಳತೆಗೂ ಅದೊಂದೇ ಸಾಕು. ಸ್ಟೇನ್‌ಲೆಸ್ ಸ್ಟೀಲಿಗೆ ಡ್ರಿಲ್ ನಿಧಾನವಾಗಿ ತಿರುಗಲಿ, ಒತ್ತಡ ಹೆಚ್ಚಿರಲಿ, ಒಂದೆರಡು ಹನಿ ಎಣ್ಣೆ ಹಾಕಿ. ವೇಗ ಹೆಚ್ಚಿಸಿದರೆ ಬಿಟ್ಟೇ ಸುಟ್ಟು ಹೋಗುತ್ತದೆ.

ಡಬ್ಬಿಯನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ಬಿಟ್ ಸಿಕ್ಕಿಕೊಂಡರೆ ತಗಡು ಗಿರ್ರನೆ ತಿರುಗಿ ಬೆರಳು ಕತ್ತರಿಸುತ್ತದೆ. ಹಲಗೆಗೆ ಬಿಗಿದೇ ಕೊರೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಅಂಚುಗಳನ್ನು ಅರದಿಂದ ಉಜ್ಜಿ, ಬರಿ ತಗಡಿನ ಅಂಚಿಗೆ ಉಗುರು ಬಣ್ಣ ಸವರಿದರೆ ಮಳೆಗಾಲದಲ್ಲಿ ತುಕ್ಕು ಬೇಗ ಹಿಡಿಯದು.

ಗ್ರೌಂಡ್: ಎಲ್ಲರೂ ಮರೆಯುವ ಒಂದು ವೈರು

ಲೋಹದ ಡಬ್ಬಿ ಹಾಕಿಯೂ ಗುಂಯ್ ಸದ್ದು ಹೋಗಲಿಲ್ಲ ಎನ್ನುವವರ ಡಬ್ಬಿ ಬಿಚ್ಚಿದರೆ ಹೆಚ್ಚಾಗಿ ಕಾಣುವುದು ಇದೇ: ಡಬ್ಬಿ ಯಾವುದಕ್ಕೂ ಸೇರಿರುವುದಿಲ್ಲ. ಹಾಗೆ ತೇಲುವ ಲೋಹ ಗದ್ದಲವನ್ನು ಹಿಡಿದು ಒಳಗಿನ ವೈರುಗಳಿಗೆ ದಾಟಿಸುತ್ತದೆ. ಸರ್ಕ್ಯೂಟಿನ ಗ್ರೌಂಡ್‌ಗೆ, ಅಂದರೆ ಬ್ಯಾಟರಿಯ ಮೈನಸ್ ಮತ್ತು ಜ್ಯಾಕಿನ ಹೊರ ಭಾಗಕ್ಕೆ, ಸೇರಿಸಿದಾಗ ಮಾತ್ರ ಅದು ಪಂಜರವಾಗುತ್ತದೆ. ಹೆಚ್ಚಿನ ಸರಳ ಸರ್ಕ್ಯೂಟುಗಳಲ್ಲಿ ಹೀಗೆಯೇ ಇರುತ್ತದೆ. ಕೆಲವು ಹಳೆಯ ಜರ್ಮೇನಿಯಂ ಫಜ್ ನಕ್ಷೆಗಳಲ್ಲಿ ಬ್ಯಾಟರಿಯ ಪ್ಲಸ್ ಗ್ರೌಂಡ್ ಆಗಿರುತ್ತದೆ, ಆದ್ದರಿಂದ ನಕ್ಷೆ ನೋಡಿ ಖಚಿತ ಮಾಡಿಕೊಳ್ಳಿ.

ಲೋಹದ ಜ್ಯಾಕನ್ನು ಬಣ್ಣವಿಲ್ಲದ ಲೋಹದ ಡಬ್ಬಿಗೆ ಬಿಗಿದರೆ ಈ ಸಂಪರ್ಕ ತಾನಾಗಿಯೇ ಆಗುತ್ತದೆ. ಬಣ್ಣ ಇದ್ದರೆ ಆಗುವುದಿಲ್ಲ. ಮಲ್ಟಿಮೀಟರನ್ನು ಬೀಪ್ ಸದ್ದಿನ ಗುರುತಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಜ್ಯಾಕಿನ ಹೊರ ಉಂಗುರಕ್ಕೆ, ಇನ್ನೊಂದನ್ನು ಡಬ್ಬಿಗೆ, ಆಮೇಲೆ ಮುಚ್ಚಳಕ್ಕೆ ತಾಗಿಸಿ. ಎರಡೂ ಕಡೆ ಬೀಪ್ ಬರಬೇಕು.

ಒಂದು ಎಚ್ಚರಿಕೆ. ಗಿಟಾರ್ ಪೆಡಲಿನ 9 ವೋಲ್ಟ್ ಅಡಾಪ್ಟರ್‌ಗಳಲ್ಲಿ ಹೆಚ್ಚಿನವುಗಳ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್ ಇರುತ್ತದೆ. ಲೋಹದ ಮೈಯ ಪವರ್ ಸಾಕೆಟ್ಟನ್ನು ಗ್ರೌಂಡ್ ಆದ ಡಬ್ಬಿಗೆ ಬಿಗಿದರೆ ಪ್ಲಸ್ ಮತ್ತು ಮೈನಸ್ ನೇರ ಶಾರ್ಟ್ ಆಗುತ್ತವೆ. ಪ್ಲಾಸ್ಟಿಕ್ ಮೈಯ ಸಾಕೆಟ್ಟನ್ನೇ ಕೊಳ್ಳಿ.

ಹರಿದಾಡುವ ಮಾತು, ನಿಜಸ್ಥಿತಿ

ಮಾತು: ಡಬ್ಬಿಯೊಳಗೆ ಇಟ್ಟ ಫೋನ್ ರಿಂಗ್ ಆದರೆ ಆ ಡಬ್ಬಿ ಗದ್ದಲ ತಡೆಯದು.
ನಿಜ: ತಪ್ಪು ಪರೀಕ್ಷೆ. 900 ಮೆಗಾಹರ್ಟ್ಸ್ ಮೊಬೈಲ್ ಅಲೆಯ ಉದ್ದ ಸುಮಾರು 33 ಸೆಂ.ಮೀ. ಮುಚ್ಚಳದ ಸುತ್ತಲಿನ ಉದ್ದನೆಯ ಸಂದಿಯಲ್ಲಿ ಅದು ನುಸುಳಬಲ್ಲದು. ಜೊತೆಗೆ ಸಿಗ್ನಲ್ ನೂರರಲ್ಲೊಂದು ಪಾಲಿಗೆ ಇಳಿದರೂ ಫೋನ್ ಕೆಲಸ ಮಾಡಬಲ್ಲದು. ಮನೆಯ 50 ಹರ್ಟ್ಸ್ ವಿದ್ಯುತ್ತಿನ ಅಲೆಯ ಉದ್ದ 6000 ಕಿ.ಮೀ. ಅದಕ್ಕೆ ಮುಚ್ಚಳದ ಸಂದಿ ಲೆಕ್ಕಕ್ಕೇ ಇಲ್ಲ. ಫೋನ್ ರಿಂಗ್ ಆಗುವ ಡಬ್ಬಿಯೂ ಪೆಡಲ್‌ಗೆ ಒಳ್ಳೆಯ ಡಬ್ಬಿ ಆಗಿರಬಹುದು.

ಮಾತು: ಒಳ್ಳೆಯ ಲೋಹದ ಡಬ್ಬಿ ಹಾಕಿದರೆ ಗುಂಯ್ ಸದ್ದು ಪೂರ್ತಿ ಹೋಗುತ್ತದೆ.
ನಿಜ: ಡಬ್ಬಿ ತಡೆಯುವುದು ಡಬ್ಬಿಯೊಳಗೆ ನುಸುಳುವ ಗದ್ದಲವನ್ನು ಮಾತ್ರ. ಗಿಟಾರಿನ ಒಂಟಿ ಸುರುಳಿಯ ಪಿಕಪ್, ಹಳೆಯ ಕೇಬಲ್, ಅಗ್ಗದ ಅಡಾಪ್ಟರಿನಿಂದ ಬರುವ ಸದ್ದಿಗೆ ಡಬ್ಬಿಯಲ್ಲಿ ಔಷಧಿ ಇಲ್ಲ. ಟ್ರಾನ್ಸ್‌ಫಾರ್ಮರಿನಿಂದ ಹೊಮ್ಮುವ ಕಾಂತಕ್ಷೇತ್ರವನ್ನೂ ತೆಳು ಅಲ್ಯೂಮಿನಿಯಂ ತಡೆಯದು. ಪೆಡಲನ್ನು ಅಡಾಪ್ಟರ್, ಸ್ಟೆಬಿಲೈಸರ್‌ಗಳಿಂದ ದೂರ ಸರಿಸುವುದೇ ಅದಕ್ಕೆ ಉಪಾಯ.

ಮಾತು: ಪ್ಲಾಸ್ಟಿಕ್ ಡಬ್ಬಿ ಹಾಕಿದರೆ ಶಾಕ್ ಹೊಡೆಯದು.
ನಿಜ: 9 ವೋಲ್ಟ್ ಒಣ ಕೈಗೆ ತಿಳಿಯುವುದೇ ಇಲ್ಲ. ಶಾಕ್ ಬಂದರೆ ಅದು ಬರುವುದು ಆಂಪ್ಲಿಫೈಯರಿನಿಂದ ಅಥವಾ ಕೆಟ್ಟ ಅಡಾಪ್ಟರಿನಿಂದ. ಕೇಬಲ್ಲಿನ ಹೊರ ತಂತಿಯ ಮೂಲಕ ಆಂಪ್ಲಿಫೈಯರಿನ ಲೋಹದ ಮೈ, ಪೆಡಲಿನ ಗ್ರೌಂಡ್, ಗಿಟಾರಿನ ತಂತಿ ಎಲ್ಲವೂ ಒಂದಕ್ಕೊಂದು ಸೇರಿರುತ್ತವೆ. ಪೆಡಲ್ ಪ್ಲಾಸ್ಟಿಕ್ಕಿನದಾದರೂ ನಿಮ್ಮ ಬೆರಳು ಇರುವುದು ಗಿಟಾರಿನ ತಂತಿಯ ಮೇಲೆ.

ಮಾತು: ಸೋಲ್ಡರ್ ಹೊಗೆಯಲ್ಲಿ ಸೀಸ ತುಂಬಿರುತ್ತದೆ.
ನಿಜ: ಆ ಬಿಳಿ ಹೊಗೆ ಮುಖ್ಯವಾಗಿ ಒಳಗಿನ ರಾಳ ಸುಟ್ಟು ಬರುವುದು. ಸೋಲ್ಡರ್ ಕಡ್ಡಿಯ ಬಿಸಿಗೆ ಸೀಸ ಹೆಚ್ಚೇನೂ ಆವಿಯಾಗದು. ಆದರೂ ಹೊಗೆ ಉಬ್ಬಸ ಕೆರಳಿಸುತ್ತದೆ, ಕಿಟಕಿ ತೆರೆದಿಡಿ. ಸಾಮಾನ್ಯ 60/40 ಸೋಲ್ಡರಿನಲ್ಲಿ ಶೇ. 40 ಸೀಸವೇ. ಅದು ಮೈಗೆ ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ. ಕೆಲಸ ಮುಗಿದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ, ಊಟದ ಜಾಗದಲ್ಲಿ ಸೋಲ್ಡರ್ ಮಾಡಬೇಡಿ. ಪ್ರಯೋಗ ಕೈಕೊಟ್ಟಿತೆಂದು ಬುತ್ತಿ ಡಬ್ಬಿಯನ್ನು ತೊಳೆದು ಮತ್ತೆ ಊಟಕ್ಕೆ ಬಳಸಬೇಡಿ. ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಹಾನಿ ಮಾಡುತ್ತದೆ.

ಎಲ್ಲಕ್ಕಿಂತ ಅಪಾಯದ ಸಲಹೆ: "ದೊಡ್ಡ ಪಿನ್ ತೆಗೆದುಬಿಡು"

ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪನೆಯದು ಅರ್ಥಿಂಗ್ ಪಿನ್. ಅದನ್ನು ತೆಗೆದರೆ ಅಥವಾ ಎರಡು ಪಿನ್ನಿನ ಪ್ಲಗ್ ಹಾಕಿದರೆ ಕೆಲವೊಮ್ಮೆ ಗುಂಯ್ ಸದ್ದು ನಿಜಕ್ಕೂ ಕಡಿಮೆಯಾಗುತ್ತದೆ. ಅದಕ್ಕೇ ಈ ಸಲಹೆ ಸಾಯುತ್ತಿಲ್ಲ. ಆದರೆ ಒಳಗೆ ಎಲ್ಲಾದರೂ ವೈರು ಕಳಚಿ ಆಂಪ್ಲಿಫೈಯರಿನ ಮೈಗೆ ತಾಗಿದರೆ, ಆ ವಿದ್ಯುತ್ ಭೂಮಿಗೆ ಇಳಿದು ಫ್ಯೂಸ್ ಹಾರಿಸುವ ದಾರಿಯೇ ಉಳಿದಿರುವುದಿಲ್ಲ. 230 ವೋಲ್ಟ್ ನೇರವಾಗಿ ಗಿಟಾರಿನ ತಂತಿಗೆ ಬಂದು ಕಾಯುತ್ತದೆ.

1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ತೀರಿಕೊಂಡರು. ಒಂದು ಕೈ ಗಿಟಾರಿನ ಮೇಲಿತ್ತು. ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿದ್ದೇ ಕಾರಣ. ನಮ್ಮಲ್ಲೂ ಗಣೇಶೋತ್ಸವ, ಜಾತ್ರೆಯ ವೇದಿಕೆಗಳಲ್ಲಿ ಮಳೆ ನೆಲ, ಎಳೆದು ತಂದ ವೈರು, ಗಂಟು ಹಾಕಿದ ಎಕ್ಸ್‌ಟೆನ್ಷನ್ ಇರುವುದು ಹೊಸದಲ್ಲ. ಎಲೆಕ್ಟ್ರಿಕ್ ಬ್ಯಾಂಜೊ, ಮೈಕು, ಕೀಬೋರ್ಡ್ ನುಡಿಸುವವರಿಗೂ ಇದೇ ಮಾತು ಅನ್ವಯ.

ಹಾಗಾಗಿ ಅರ್ಥಿಂಗ್ ಪಿನ್ ತೆಗೆಯಬೇಡಿ. ಹಳೆಯ ಮನೆಗಳ ಸಾಕೆಟ್ಟಿನಲ್ಲಿ ಮೂರನೇ ತೂತಿದ್ದರೂ ಹಿಂದೆ ವೈರೇ ಇರದಿರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ನೋಡಿಸಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿದರೆ ಸೋರಿಕೆ ಆದ ಕ್ಷಣದಲ್ಲೇ ಲೈನ್ ಕಡಿಯುತ್ತದೆ. ಅಡಾಪ್ಟರ್ ಕೊಳ್ಳುವಾಗ ಬಿಐಎಸ್ ನೋಂದಣಿ ಗುರುತು ನೋಡಿ ಕೊಳ್ಳಿ.

ಸದ್ದು ಎಲ್ಲಿಂದ? ನಾಲ್ಕು ಪರೀಕ್ಷೆ

1. ಅಡಾಪ್ಟರ್ ಕಿತ್ತು ಬ್ಯಾಟರಿ ಹಾಕಿ. ಸದ್ದು ಹೋದರೆ ತಪ್ಪು ಅಡಾಪ್ಟರಿನದು.
2. ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಸದ್ದು ಹೋದರೆ ಅದು ಗಿಟಾರಿನಿಂದಲೇ ಬರುತ್ತಿತ್ತು.
3. ಡಬ್ಬಿಯನ್ನು ಬೆರಳಿನಿಂದ ಮುಟ್ಟಿ. ಸದ್ದು ಬದಲಾದರೆ ಡಬ್ಬಿ ಗ್ರೌಂಡ್‌ಗೆ ಸೇರಿಲ್ಲ.
4. ಕೇಬಲ್ ಅಲುಗಾಡಿಸಿ. ಕರಕರ ಎಂದರೆ ಜ್ಯಾಕ್ ಸಡಿಲ ಅಥವಾ ಕೇಬಲ್ ಹಳತು.

ಆಂಪ್ಲಿಫೈಯರ್ ಅಥವಾ ತಂತಿ ಮುಟ್ಟಿದಾಗ ಜುಂ ಎಂದರೆ ಯಾವ ಪರೀಕ್ಷೆಯೂ ಬೇಡ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಧೂಳು ಮತ್ತು ಬಿಸಿಲಿನ ಊರುಗಳಿಗೆ

ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳ ಊರು. ಶಹಾಬಾದ್ ಕಲ್ಲು ಗಣಿಗಳ ಊರು. ಇಂಥ ಕಡೆ ಸುಣ್ಣಕಲ್ಲಿನ ಸಣ್ಣ ಪುಡಿ ನಾಬಿನ ಒಳಗೆ ಸೇರಿದರೆ ತಿರುಗಿಸುವಾಗಲೆಲ್ಲ ಕರಕರ ಸದ್ದು ಬರುತ್ತದೆ. ತಪ್ಪಾಗಿ ಕೊರೆದ ತೂತುಗಳನ್ನು ಹಾಗೇ ಬಿಡದೆ ಟೇಪಿನಿಂದ ಮುಚ್ಚಿ. ತೆರೆದ ಪಾಟ್ ಬದಲು ಹಿಂಭಾಗ ಮುಚ್ಚಿದ ಪಾಟ್ ಕೇಳಿ.

ಕಲಬುರಗಿ ಜಿಲ್ಲೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿಟ್ಟ ಲೋಹದ ಡಬ್ಬಿಯ ಒಳಗೆ ಅದಕ್ಕಿಂತಲೂ ಹೆಚ್ಚು. ಬೋರ್ಡನ್ನು ಗ್ಲೂ ಗನ್ನಿನ ಅಂಟಿನಿಂದ ಕೂರಿಸಿದರೆ ಅದು ಮೆತ್ತಗಾಗಿ ಬೋರ್ಡ್ ಕಳಚಿ ಡಬ್ಬಿಗೆ ತಾಗಬಹುದು. ಸ್ಕ್ರೂ ಹಾಕುವುದೇ ಲೇಸು. ಹಳೆಯ ಮಾದರಿಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಬಳಸಿದರೆ ಬಿಸಿಗೆ ದನಿಯೇ ಬದಲಾಗುತ್ತದೆ. ನಮ್ಮ ಹವೆಗೆ ಸಿಲಿಕಾನ್ ಟ್ರಾನ್ಸಿಸ್ಟರ್ ವಾಸಿ.

ಸ್ವಿಚ್, ಜ್ಯಾಕ್, ಪಾಟ್‌ಗಳು ಊರಿನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆ ಇಂಥ ಭಾಗಗಳ ದೊಡ್ಡ ಮಾರುಕಟ್ಟೆಗಳು. ಡಬ್ಬಿಗೆ ಉಳಿಸಿದ ಹಣವನ್ನು ಒಳ್ಳೆಯ ಸ್ವಿಚ್ಚಿಗೆ, ಒಳ್ಳೆಯ ಜ್ಯಾಕಿಗೆ ಹಾಕಿ. ಪೆಡಲಿನಲ್ಲಿ ಮೊದಲು ಕೆಡುವುದು ಅವೇ.

ಫಾರ್ವರ್ಡ್ ಮಾಡುವ ಮುನ್ನ

ನಿಮ್ಮ ಗುಂಪಿನಲ್ಲಿ ಗಿಟಾರ್ ಅಥವಾ ಬ್ಯಾಂಜೊ ನುಡಿಸುವವರಿದ್ದರೆ ಇಷ್ಟನ್ನು ಕಳಿಸಿದರೂ ಸಾಕು: ಬಿಸ್ಕತ್ತಿನ ತಗಡು ಡಬ್ಬಿ, ಸ್ಟೀಲ್ ಡಬ್ಬಿ, ಸ್ವಿಚ್ ಬೋರ್ಡಿನ ಮೆಟಲ್ ಬಾಕ್ಸ್ ಮೂರೂ ಪೆಡಲ್‌ಗೆ ನಡೆಯುತ್ತವೆ. ಪ್ಲಾಸ್ಟಿಕ್ ಆದರೆ ಒಳಗೆ ಫಾಯಿಲ್ ಅಂಟಿಸಿ. ಯಾವುದೇ ಆದರೂ ಗ್ರೌಂಡ್‌ಗೆ ಸೇರಿಸಿ. ಕೀಟನಾಶಕದ ಡಬ್ಬಿ ಬೇಡ. ಅರ್ಥಿಂಗ್ ಪಿನ್ ಯಾವ ಕಾರಣಕ್ಕೂ ತೆಗೆಯಬೇಡಿ.